ಜಡಾಸ್ತಿ ಜರಾಮರಣ ಪ್ರಕರಣ

ಶಾಸ್ತ್ರಗ್ರಂಥ ಎಂದ ಮೇಲೆ ಮೊದಲು ಮಂಗಳಾಚರಣೆ ಆಗಬೇಕು. ಈ ಶಾಸ್ತ್ರದ ಅಧಿದೇವತೆ ಮಾರ್ಚ್ 31. ವರ್ಷವಿಡೀ ವಸ್ತುಗಳು ಸವೆಯುತ್ತಲೇ ಇದ್ದರೂ ಅದು ಯಾರ ಗಮನಕ್ಕೂ ಬರುವುದಿಲ್ಲ. ಆ ಒಂದು ರಾತ್ರಿ ಮಾತ್ರ ದೇಶದ ಕುರ್ಚಿ, ಮೇಜು, ಲೇತು, ಲಾರಿ, ಫ್ಯಾನುಗಳೆಲ್ಲ ಏಕಕಾಲಕ್ಕೆ ಒಂದು ವರ್ಷ ಮುದಿಯಾಗುತ್ತವೆ. ಆ ರಾತ್ರಿಗೆ ನಮಸ್ಕರಿಸಿ ಆರಂಭಿಸುತ್ತೇನೆ.

ಸಂಪ್ರದಾಯದಂತೆ ಅನುಬಂಧ ಚತುಷ್ಟಯವನ್ನೂ ಹೇಳಿಬಿಡಬೇಕು. ವಿಷಯ: ಸ್ಥಿರ ಆಸ್ತಿಯ ಸವಕಳಿ, ದುರಸ್ತಿ, ವಿಲೇವಾರಿ. ಅಧಿಕಾರಿಗಳು, ಎಂದರೆ ಓದಲು ಅರ್ಹರು: ಪಿಯುಸಿ ಕಾಮರ್ಸ್ ವಿದ್ಯಾರ್ಥಿ, ಸಹಕಾರ ಸಂಘದ ಕಾರ್ಯದರ್ಶಿ, ಡೆಡ್ ಸ್ಟಾಕ್ ರಿಜಿಸ್ಟರ್ ವಹಿಸಿಕೊಂಡ ಹೆಡ್‌ಮಾಸ್ತರು, ಅಪಾರ್ಟ್‌ಮೆಂಟ್ ಸಂಘಕ್ಕೆ ಒಲ್ಲದ ಮನಸ್ಸಿನಿಂದ ಖಜಾಂಚಿಯಾದವರು. ಪ್ರಯೋಜನ: ಆಡಿಟ್ ಆಕ್ಷೇಪಣೆಯಿಂದ ಬಿಡುಗಡೆ. ಸಂಬಂಧ: ವಸ್ತುವಿಗೂ ಪುಸ್ತಕಕ್ಕೂ ಇರಬೇಕಾದದ್ದು, ಬಹುತೇಕ ಇಲ್ಲದ್ದು.

1. ಲಕ್ಷಣ ಪ್ರಕರಣ

ಸೂತ್ರ: ವರ್ಷ ಮೀರಿ ಬಾಳುವುದು, ಮಾರಲಿಕ್ಕಲ್ಲದೆ ಬಳಸಲಿಕ್ಕೆಂದು ಕೊಂಡದ್ದು ಸ್ಥಿರ ಆಸ್ತಿ.

ವೃತ್ತಿ: ಕುರ್ಚಿ ತಾನಾಗಿ ಏನೂ ಅಲ್ಲ. ಫರ್ನಿಚರ್ ಅಂಗಡಿಯಲ್ಲಿ ಅದು ದಾಸ್ತಾನು, ಅದೇ ಕುರ್ಚಿ ವಕೀಲರ ಕಚೇರಿ ಸೇರಿದರೆ ಸ್ಥಿರ ಆಸ್ತಿ. ಮರ ಒಂದೇ, ಬಡಗಿ ಒಬ್ಬನೇ, ಬೇರೆಯಾದದ್ದು ಒಡೆಯನ ಉದ್ದೇಶ. ಈ ಶಾಸ್ತ್ರದಲ್ಲಿ ವಸ್ತುವಿಗಿಂತ ಸಂಕಲ್ಪ ದೊಡ್ಡದು.

ಸ್ಥಿರ ಆಸ್ತಿಯಲ್ಲಿ ಮೂರು ಜಾತಿ. ಮೊದಲನೆಯದು ಅಕ್ಷಯ. ಭೂಮಿ ಈ ಜಾತಿಗೆ ಸೇರಿದ್ದು, ಅದಕ್ಕೆ ಸವಕಳಿ ಇಲ್ಲ. ಸೈಟಿಗೂ ಅದರ ಮೇಲಿನ ಮನೆಗೂ ಒಂದೇ ಪತ್ರ ನೋಂದಣಿಯಾಗಿದ್ದರೂ ಲೆಕ್ಕಿಗ ಎರಡನ್ನೂ ಬೇರ್ಪಡಿಸಲೇಬೇಕು, ಏಕೆಂದರೆ ಒಂದು ಸವೆಯುತ್ತದೆ, ಇನ್ನೊಂದು ಸವೆಯುವುದಿಲ್ಲ. ಎರಡನೆಯದು ಕ್ಷಯ: ಕಟ್ಟಡ, ಯಂತ್ರ, ವಾಹನ, ಪೀಠೋಪಕರಣ. ಮೂರನೆಯದು ಮಾಯಾ: ಕಣ್ಣಿಗೆ ಕಾಣದ ಸಾಫ್ಟ್‌ವೇರ್, ಪೇಟೆಂಟ್, ಗುಡ್‌ವಿಲ್ ಇತ್ಯಾದಿ. ಗುಡ್‌ವಿಲ್‌ನ ಮಾಯೆಗೆ ಸರ್ಕಾರವೂ ನ್ಯಾಯಾಲಯವೂ ಸಾಕಷ್ಟು ಕಾಲ ಕೊಟ್ಟಿವೆ. ಗುಡ್‌ವಿಲ್‌ಗೂ ಸವಕಳಿ ಉಂಟು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲವೇ ಇಲ್ಲ ಎಂದು 2021ರ ಹಣಕಾಸು ಕಾಯ್ದೆ ಹೇಳಿತು. ಒಳ್ಳೆಯ ಹೆಸರು ಸವೆಯುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಸದ್ಯಕ್ಕೆ ಕಾನೂನಿನ ಉತ್ತರ: ಸವೆದರೂ ತೆರಿಗೆ ವಿನಾಯಿತಿ ಇಲ್ಲ.

ಕ್ಷಯ ಜಾತಿಯ ಆಯುಷ್ಯವನ್ನು ಹಣೆಯಲ್ಲಿ ಬರೆದವನು ಬ್ರಹ್ಮನಲ್ಲ, 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ. ಅದರಂತೆ ಕಾರ್ಖಾನೆಯಲ್ಲದ ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ, ಕಾರ್ಖಾನೆ ಕಟ್ಟಡಕ್ಕೆ 30, ಪೀಠೋಪಕರಣಕ್ಕೆ 10, ಬೈಕಿಗೆ 10, ಸ್ವಂತ ಬಳಕೆಯ ಕಾರಿಗೆ 8, ಸರ್ವರ್‌ಗೆ 6, ಕಚೇರಿ ಉಪಕರಣಕ್ಕೆ 5, ಮೇಜಿನ ಮೇಲಿನ ಕಂಪ್ಯೂಟರ್‌ಗೆ 3. ಬೇಲಿಗೂ ಬಾವಿಗೂ ಕೊಳವೆ ಬಾವಿಗೂ ಕೂಡ 5 ವರ್ಷವೇ. ಅಜ್ಜ ತೋಡಿಸಿದ ಬಾವಿಯಲ್ಲಿ ಮೊಮ್ಮಗ ನೀರು ಸೇದುವ ಊರುಗಳವರು ಇದನ್ನು ಓದಿ ಬೆರಗಾಗಬೇಕಿಲ್ಲ. ತಾಂತ್ರಿಕ ಕಾರಣ ಕೊಟ್ಟು, ಅದನ್ನು ಲೆಕ್ಕಪತ್ರದಲ್ಲಿ ಪ್ರಕಟಿಸಿದರೆ ಕಂಪನಿಗಳು ಬೇರೆ ಆಯುಷ್ಯ ಇಟ್ಟುಕೊಳ್ಳಬಹುದು ಎಂಬ ಪರಿಹಾರವೂ ಅಲ್ಲೇ ಇದೆ. ಕೊನೆಗೆ ಉಳಿಯುವ ಅವಶೇಷ ಮೌಲ್ಯ ಸಾಮಾನ್ಯವಾಗಿ ಮೂಲ ಬೆಲೆಯ ಶೇ. 5ನ್ನು ದಾಟಬಾರದು.

2. ಸವಕಳಿ ಪ್ರಕರಣ

ಸೂತ್ರ: ಬಳಕೆಯಿಂದ, ಕಾಲದಿಂದ, ಹೊಸದರ ಅಸೂಯೆಯಿಂದ ಆಸ್ತಿ ಸವೆಯುತ್ತದೆ.

ವೃತ್ತಿ: ಓಡಿದ ಲಾರಿ ಬಳಕೆಯಿಂದ ಸವೆಯುತ್ತದೆ. ಓಡದೆ ನಿಂತ ಲಾರಿ ಕಾಲದಿಂದ ಸವೆಯುತ್ತದೆ. ಕೆಟ್ಟಿಲ್ಲದ, ಚೆನ್ನಾಗಿಯೇ ಇರುವ ಟೈಪ್‌ರೈಟರ್ ಮೂರನೇ ಕಾರಣದಿಂದ ಸತ್ತಿತು.

ಸವಕಳಿ ಲೆಕ್ಕ ಹಾಕುವ ಪದ್ಧತಿಗಳಲ್ಲಿ ಮುಖ್ಯವಾದವು ಎರಡು. ಸ್ಥಿರ ಕಂತು ಪದ್ಧತಿ ನೌಕರಿಯಲ್ಲಿರುವವನ ಸ್ವಭಾವದ್ದು, ವರ್ಷ ವರ್ಷವೂ ಅಷ್ಟೇ. 60,000 ರೂಪಾಯಿಯ ಕಂಪ್ಯೂಟರಿಗೆ ಅವಶೇಷ 3,000 ಬಿಟ್ಟು ಉಳಿದ 57,000ವನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 19,000. ಮೂರನೇ ಮಾರ್ಚ್ 31ಕ್ಕೆ ಕೆಲಸ ಮುಗಿಯಿತು. ಇಳಿಕೆ ಶೇಷ ಪದ್ಧತಿ ವಿರಹಿಯ ಸ್ವಭಾವದ್ದು, ಮೊದಲು ಬಹಳ ಕೊರಗುತ್ತದೆ, ಬರಬರುತ್ತ ಕಡಿಮೆ, ಪೂರ್ತಿ ಮರೆಯುವುದು ಎಂದೂ ಇಲ್ಲ. ಅದೇ ಕಂಪ್ಯೂಟರಿಗೆ ಆದಾಯ ತೆರಿಗೆಯ ದರದಂತೆ ಶೇ. 40 ಕಳೆಯುತ್ತ ಹೋದರೆ ಮೊದಲ ವರ್ಷಾಂತ್ಯಕ್ಕೆ 36,000, ಎರಡನೆಯದಕ್ಕೆ 21,600, ಐದನೆಯದಕ್ಕೆ 4,665 ರೂಪಾಯಿ 60 ಪೈಸೆ. ಇಪ್ಪತ್ತು ವರ್ಷದ ನಂತರವೂ 2 ರೂಪಾಯಿ 19 ಪೈಸೆ ಉಳಿದಿರುತ್ತದೆ. ಈ ಪದ್ಧತಿಯಲ್ಲಿ ವಸ್ತುವಿಗೆ ಸೊನ್ನೆ ಎಂಬ ಮೋಕ್ಷವೇ ಇಲ್ಲ.

ಮುಹೂರ್ತ ವಿಚಾರ: ಆದಾಯ ತೆರಿಗೆಯ ಲೆಕ್ಕದಲ್ಲಿ, ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ ಆಸ್ತಿಗೆ ಅರ್ಧ ಸವಕಳಿ ಮಾತ್ರ. ಅಕ್ಟೋಬರ್ 3ರಂದು ಬಳಕೆಗೆ ತಂದರೆ ಪೂರ್ತಿ, 4ರಂದು ತಂದರೆ ಅರ್ಧ. ದಸರೆ ಅಕ್ಟೋಬರ್ ನಡುವಿಗೆ ಬಂದ ವರ್ಷ, ಆಯುಧಪೂಜೆ ದಿನವೇ ಯಂತ್ರಕ್ಕೆ ಕುಂಬಳಕಾಯಿ ಒಡೆದು ಸ್ವಿಚ್ ಹಾಕಬೇಕು ಎನ್ನುವ ಮಾಲೀಕರಿಗೂ ಅವರ ಆಡಿಟರಿಗೂ ಸಣ್ಣ ಜಗಳ ಇದ್ದದ್ದೇ. ಲೀಪ್ ವರ್ಷದ ಪಂಚಾಂಗ ಒಂದು ದಿನ ಹೆಚ್ಚು ಕೊಡುತ್ತದೆ.

ಪೂರ್ವಪಕ್ಷ: ಸವಕಳಿ ಎಂದರೆ ಹೊಸ ಯಂತ್ರಕ್ಕೆಂದು ವರ್ಷ ವರ್ಷ ತೆಗೆದಿಡುವ ಹಣ. ಹತ್ತು ವರ್ಷ ಸವಕಳಿ ಬರೆದ ಮೇಲೆ ಹೊಸದಕ್ಕೆ ದುಡ್ಡು ಸಿದ್ಧವಿರಬೇಕಲ್ಲ?

ಸಿದ್ಧಾಂತ: ಇಲ್ಲ. ಸವಕಳಿ ಬರೆದಾಗ ಒಂದು ಪೈಸೆಯೂ ಎಲ್ಲಿಂದಲೂ ಎಲ್ಲಿಗೂ ಹೋಗುವುದಿಲ್ಲ. ಎಂದೋ ಖರ್ಚಾದ ಮೊತ್ತವನ್ನು ಬಳಸಿದ ವರ್ಷಗಳ ಮೇಲೆ ಹಂಚುವ ಕ್ರಮ ಅದು, ಅಷ್ಟೇ. ನಿಜವಾಗಿ ಹಣ ಬೇಕಿದ್ದರೆ ಬೇರೆ ನಿಧಿಯನ್ನೇ ಕಟ್ಟಬೇಕು. ಭಾರತೀಯ ರೈಲ್ವೆ 1924ರಲ್ಲಿ ತನ್ನ ಹಣಕಾಸನ್ನು ಸರ್ಕಾರದ ಸಾಮಾನ್ಯ ಹಣಕಾಸಿನಿಂದ ಬೇರ್ಪಡಿಸಿಕೊಂಡಾಗ ಅಂಥ ಸವಕಳಿ ಮೀಸಲು ನಿಧಿಯನ್ನು ಕಟ್ಟಿಕೊಂಡಿತು. ಇತ್ತೀಚಿನ ವರ್ಷಗಳಲ್ಲಿ ಆ ನಿಧಿಗೆ ಹಾಕುವ ಹಣ ತೀರ ಸಾಲದು ಎಂದು ಸಿಎಜಿ ವರದಿಗಳು ಆಕ್ಷೇಪಿಸಿವೆ. ಪಾತ್ರೆ ಇದ್ದ ಮಾತ್ರಕ್ಕೆ ಅನ್ನ ಇರುವುದಿಲ್ಲ.

ಆಯುರ್ವೃದ್ಧಿ ಯೋಗ: ಆಯುಷ್ಯ ಹೆಚ್ಚಿಸಿದರೆ ವರ್ಷದ ಸವಕಳಿ ಕಡಿಮೆ, ಲಾಭ ಹೆಚ್ಚು. ಈ ಯೋಗವನ್ನು ಸಾಧಿಸಿದವರು ಅಮೆರಿಕದ ವೇಸ್ಟ್ ಮ್ಯಾನೇಜ್‌ಮೆಂಟ್ ಎಂಬ ಕಸ ಸಾಗಿಸುವ ಕಂಪನಿಯವರು. 1990ರ ದಶಕದಲ್ಲಿ ಅವರು ಕಸದ ಲಾರಿಗಳಿಗೆ ಕಾಗದದ ಮೇಲೆ ದೀರ್ಘಾಯುಷ್ಯ ಕರುಣಿಸಿದರು, ಸತ್ತ ಮೇಲೆ ಸಿಗುವ ಬೆಲೆಯನ್ನೂ ಏರಿಸಿ ಬರೆದರು. 1998ರಲ್ಲಿ ಕಂಪನಿ ಹಿಂದಿನ ವರ್ಷಗಳ ಲೆಕ್ಕ ತಿದ್ದಿದಾಗ ಹೊರಬಿದ್ದ ಉಬ್ಬಿದ ಲಾಭ 170 ಕೋಟಿ ಡಾಲರ್. ಇಷ್ಟೆಲ್ಲ ಆಗುವಾಗ ಲಾರಿಗಳು ಎಂದಿನಂತೆ ಕಸ ಹೊತ್ತುಕೊಂಡೇ ಓಡಾಡುತ್ತಿದ್ದವು.

ಪ್ರಾಚೀನ ಮತ: ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ಈ ವಿಷಯ ಎತ್ತಿದ್ದಾನೆ. ಅವನ ಕಾಲದಲ್ಲಿ ಎರಡು ಮನೆಗಳ ನಡುವಿನ ಕಲ್ಲುಗಾರೆಯ ಗೋಡೆಗೆ ಬೆಲೆ ಕಟ್ಟುವಾಗ, ಕಳೆದ ಒಂದೊಂದು ವರ್ಷಕ್ಕೂ ಕಟ್ಟಿದ ಬೆಲೆಯ 80ರಲ್ಲಿ ಒಂದು ಭಾಗ ಕಳೆಯುತ್ತಿದ್ದರು. ಅಂಥ ಗೋಡೆ 80 ವರ್ಷಕ್ಕಿಂತ ಹೆಚ್ಚು ಬಾಳದು ಎಂಬುದು ಲೆಕ್ಕ. ಆದರೆ ಇಟ್ಟಿಗೆ ಗೋಡೆ ತೂಕಗುಂಡಿಗೆ ಸರಿಯಾಗಿ ನೆಟ್ಟಗೆ ನಿಂತಿದ್ದರೆ ಏನನ್ನೂ ಕಳೆಯುತ್ತಿರಲಿಲ್ಲ. ಒಂದು ಗೋಡೆಗೆ ವಯಸ್ಸು ನೋಡಿದರು, ಇನ್ನೊಂದಕ್ಕೆ ಆರೋಗ್ಯ ನೋಡಿದರು. ನಮ್ಮ ಕಾಯ್ದೆಗಳು ಮೊದಲನೇ ಗೋಡೆಯ ಮಾರ್ಗ ಹಿಡಿದಿವೆ.

3. ದರ್ಶನಭೇದ ಪ್ರಕರಣ

ಒಂದೇ ಆಸ್ತಿಯನ್ನು ಮೂರು ದರ್ಶನಗಳು ಮೂರು ಬಗೆಯಾಗಿ ಕಾಣುತ್ತವೆ. ಶೃಂಗೇರಿ, ಮೇಲುಕೋಟೆ, ಉಡುಪಿಗಳನ್ನು ಒಂದೇ ನಾಡಿನಲ್ಲಿ ಇಟ್ಟುಕೊಂಡ ನಮಗೆ ಇದು ಕಷ್ಟವಾಗಬಾರದು.

ಕಂಪನಿಯ ಆಸ್ತಿ ರಿಜಿಸ್ಟರ್ ದ್ವೈತಿ. ಪ್ರತಿ ವಸ್ತುವೂ ಬೇರೆ, ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ, ತನ್ನದೇ ಜನ್ಮದಿನ, ತನ್ನದೇ ಮರಣ. ಆ ಭೇದ ನಿತ್ಯ, ತಾರತಮ್ಯವೂ ಉಂಟು.

ಆದಾಯ ತೆರಿಗೆ ಅದ್ವೈತಿ. 1988-89ನೇ ಅಸೆಸ್‌ಮೆಂಟ್ ವರ್ಷದಿಂದ ಅಲ್ಲಿ ಬಂದದ್ದು ಬ್ಲಾಕ್ ತತ್ವ. ಒಂದೇ ಬಗೆಯ, ಒಂದೇ ಸವಕಳಿ ದರದ ಆಸ್ತಿಗಳೆಲ್ಲ ಬ್ಲಾಕ್ ಎಂಬ ಒಂದೇ ಪರತತ್ವದಲ್ಲಿ ಲೀನ. ಕೊಂಡ ಲೇತು ಅದರೊಳಗೆ ಹೋದ ಮೇಲೆ ನಾಮರೂಪ ಕಳೆದುಕೊಳ್ಳುತ್ತದೆ. ಮಾರಿದರೂ ಆ ಲೇತಿನ ಲಾಭ ನಷ್ಟ ಯಾರೂ ಕೇಳುವುದಿಲ್ಲ, ಬಂದ ಹಣವನ್ನು ಬ್ಲಾಕ್‌ನಿಂದ ಕಳೆದರಾಯಿತು. ಬಂದ ಹಣ ಇಡೀ ಬ್ಲಾಕ್‌ನ ಮೊತ್ತವನ್ನೇ ಮೀರಿದಾಗ, ಅಥವಾ ಒಳಗಿನ ಆಸ್ತಿಗಳೆಲ್ಲ ತೀರಿ ಬ್ಲಾಕ್ ಬರಿದಾದಾಗ ಮಾತ್ರ ವ್ಯವಹಾರ ಸತ್ಯ ತಲೆ ಎತ್ತಿ, ಅಲ್ಪಾವಧಿ ಬಂಡವಾಳ ಲಾಭ ಅಥವಾ ನಷ್ಟದ ಲೆಕ್ಕ ಬರುತ್ತದೆ.

ಘಟಕ ಲೆಕ್ಕ ವಿಶಿಷ್ಟಾದ್ವೈತಿ. ಇಡಿಯೂ ನಿಜ, ಇಡಿಯ ಅಂಗಗಳೂ ನಿಜ. ಕಟ್ಟಡ ಒಂದೇ ಆದರೂ ಅದರ ಲಿಫ್ಟಿನ ಆಯುಷ್ಯ ಬೇರೆ. ವಿಮಾನ ಒಂದೇ ಆದರೂ ಎಂಜಿನ್ನಿನ ಆಯುಷ್ಯ ಬೇರೆ. ಬೆಲೆಯಲ್ಲಿ ಗಣನೀಯವಾದ ಅಂಗಕ್ಕೆ ಪ್ರತ್ಯೇಕ ಸವಕಳಿ ಕಟ್ಟಬೇಕೆಂಬ ಈ ಮತ 2015ರ ಏಪ್ರಿಲ್ 1ರಿಂದ ಆರಂಭವಾದ ವರ್ಷಗಳಿಗೆ ಭಾರತದ ಕಂಪನಿಗಳಿಗೆ ಕಡ್ಡಾಯ.

ಒಂದೇ ಕಂಪನಿ ಬೆಳಿಗ್ಗೆ ದ್ವೈತಿಯಾಗಿ ಷೇರುದಾರರಿಗೆ ಲೆಕ್ಕ ಕೊಟ್ಟು, ಮಧ್ಯಾಹ್ನ ಅದ್ವೈತಿಯಾಗಿ ತೆರಿಗೆ ರಿಟರ್ನ್ ಸಲ್ಲಿಸುತ್ತದೆ. ಎರಡರ ವ್ಯತ್ಯಾಸಕ್ಕೆ ಡಿಫರ್ಡ್ ಟ್ಯಾಕ್ಸ್ ಎಂದು ಹೆಸರು. ಅದನ್ನು ವಿವರಿಸಲು ಬೇರೆ ಗ್ರಂಥ ಬೇಕು, ಬೇರೆ ಲೇಖಕನೂ ಬೇಕು.

4. ದುರಸ್ತಿ ಪ್ರಕರಣ

ಸೂತ್ರ: ಇದ್ದದ್ದನ್ನು ಇದ್ದಂತೆ ಇಡುವುದು ರಿಪೇರಿ, ಇಲ್ಲದ್ದನ್ನು ತರುವುದು ಬಂಡವಾಳ.

ವೃತ್ತಿ: ಮೀಮಾಂಸಕರು ಕರ್ಮವನ್ನು ವಿಂಗಡಿಸಿದಂತೆ ರಿಪೇರಿಯೂ ನಾಲ್ಕು ವಿಧ.

ನಿತ್ಯ: ಆಯಿಲ್ ಬದಲಿಸುವುದು, ಗ್ರೀಸ್ ಹಾಕುವುದು, ಸುಣ್ಣ ಬಣ್ಣ. ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ಪಾಪ ಉಂಟು. ಆ ವರ್ಷದ ಲಾಭ-ನಷ್ಟ ತಖ್ತೆಗೆ ನೇರ ಖರ್ಚು.

ನೈಮಿತ್ತಿಕ: ಮೋಟಾರ್ ಸುಟ್ಟಾಗ ರಿವೈಂಡಿಂಗ್, ಬೇರಿಂಗ್ ಹೋದಾಗ ಬೇರಿಂಗ್. ಚಿಕ್ಕದಾದರೆ ಖರ್ಚು. ಹಾಕಿದ ಭಾಗ ಗಣನೀಯವಾಗಿದ್ದು ವರ್ಷಗಟ್ಟಲೆ ಬಾಳುವಂಥದಾದರೆ ಆಸ್ತಿಗೆ ಸೇರಿಸಬೇಕು, ಜೊತೆಗೆ ಕಿತ್ತು ಹಾಕಿದ ಹಳೇ ಭಾಗದ ಉಳಿದ ಮೌಲ್ಯವನ್ನು ಪುಸ್ತಕದಿಂದಲೂ ಕೀಳಬೇಕು. ಎರಡನೆಯ ಅರ್ಧವನ್ನು ಎಲ್ಲರೂ ಮರೆಯುತ್ತಾರೆ. ಹೀಗಾಗಿ ಕೆಲವು ಜನರೇಟರುಗಳಿಗೆ ಪುಸ್ತಕದಲ್ಲಿ ಮೂರು ಎಂಜಿನ್‌ಗಳಿವೆ.

ಕಾಮ್ಯ: ಇದ್ದದ್ದು ಸಾಲದು ಎಂಬ ಆಸೆಯಿಂದ ಮಾಡಿದ್ದು. ಎರಡು ಟನ್ನಿನ ಕ್ರೇನನ್ನು ಐದು ಟನ್ನಿಗೆ ಏರಿಸುವುದು. ಇದು ಬಂಡವಾಳ ವೆಚ್ಚ.

ನಿಷಿದ್ಧ: ಕಾಮ್ಯವನ್ನು ನಿತ್ಯವೆಂದು ಬರೆದು ಇಡೀ ಮೊತ್ತಕ್ಕೆ ಈ ವರ್ಷವೇ ತೆರಿಗೆ ಉಳಿಸುವುದು, ಅಥವಾ ನಿತ್ಯವನ್ನು ಕಾಮ್ಯವೆಂದು ಬರೆದು ಲಾಭ ಉಬ್ಬಿಸುವುದು. ಮೊದಲನೆಯದಕ್ಕೆ ತೀರ್ಪುಗಳು ಸಾಕಷ್ಟಿವೆ. ಒಂದು ಸಿನಿಮಾ ಥಿಯೇಟರಿಗೆ ಹೊಸ ಯಂತ್ರ, ಹೊಸ ಕುರ್ಚಿ, ಹೊಸ ವೈರಿಂಗ್ ಹಾಕಿಸಿ ಕಟ್ಟಡವನ್ನೂ ತಿದ್ದಿಸಿದ ಮಾಲೀಕರಿಗೆ, ಇದು ಚಾಲ್ತಿ ರಿಪೇರಿ ಅಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ನೂಲಿನ ಗಿರಣಿಯ ರಿಂಗ್ ಫ್ರೇಮ್ ಬದಲಿಸಿದ ಪ್ರಕರಣದಲ್ಲಿ, ಆ ಯಂತ್ರ ಗಿರಣಿಯ ಬಿಡಿಭಾಗವಲ್ಲ, ತಾನೇ ಒಂದು ಸ್ವತಂತ್ರ ಯಂತ್ರ, ಹೀಗಾಗಿ ಬದಲಿಸಿದ್ದು ರಿಪೇರಿಯಲ್ಲ ಎಂದು 2007ರಲ್ಲಿ ಹೇಳಿತು. ಎರಡನೆಯ ಬಗೆಯ ನಿಷಿದ್ಧಕ್ಕೆ ಜಗದ್ವಿಖ್ಯಾತ ಉದಾಹರಣೆ ಅಮೆರಿಕದ ವರ್ಲ್ಡ್‌ಕಾಮ್. ಬೇರೆ ಟೆಲಿಫೋನ್ ಕಂಪನಿಗಳ ಲೈನ್ ಬಳಸಿದ್ದಕ್ಕೆ ಕೊಟ್ಟ ಬಾಡಿಗೆಯನ್ನು ಆಸ್ತಿ ಎಂದು ಬರೆದದ್ದು 2002ರ ಜೂನ್‌ನಲ್ಲಿ ಬಯಲಾದಾಗ ಮೊದಲ ಲೆಕ್ಕವೇ 380 ಕೋಟಿ ಡಾಲರ್ ಇತ್ತು.

5. ವಿಲೇವಾರಿ ಪ್ರಕರಣ

ಸೂತ್ರ: ಜನನಕ್ಕೆ ಒಂದು ಬಿಲ್ಲು ಸಾಕು, ಮರಣಕ್ಕೆ ಒಂದು ಕಮಿಟಿ ಬೇಕು.

ವೃತ್ತಿ: ಖಾಸಗಿಯವರ ವಿಲೇವಾರಿ ಸುಲಭ. ಮೇಲೆ ಹೇಳಿದ ಕಂಪ್ಯೂಟರ್ ಮೂರು ವರ್ಷದ ನಂತರ 4,000ಕ್ಕೆ ಹೋಯಿತು ಎನ್ನಿ. ಕಂಪ್ಯೂಟರ್ ಖಾತೆಗೆ 60,000 ಕ್ರೆಡಿಟ್, ಸಂಚಿತ ಸವಕಳಿಗೆ 57,000 ಡೆಬಿಟ್, ನಗದಿಗೆ 4,000 ಡೆಬಿಟ್, ಉಳಿದ 1,000 ಲಾಭ. ನಾಲ್ಕು ಸಾಲಿನಲ್ಲಿ ಅಪರಕ್ರಿಯೆ ಮುಗಿಯಿತು. ಆ ಸಾವಿರ ರೂಪಾಯಿ ಲಾಭ ನಿಜವಾಗಿ ಲಾಭವಲ್ಲ, ಆಯುಷ್ಯವನ್ನೋ ಅವಶೇಷವನ್ನೋ ಅಂದಾಜಿಸುವಾಗ ಆದ ತಪ್ಪಿಗೆ ಬಂದ ತಿದ್ದುಪಡಿ.

ಮರಣದಲ್ಲಿ ಆರು ಬಗೆ: ವಿಕ್ರಯ, ವಿನಿಮಯ, ಗುಜರಿ, ಅಗ್ನಿ, ಕಳವು, ವಿಸ್ಮೃತಿ. ವಿನಿಮಯ ಎಂದರೆ ಹಳೇ ಫ್ರಿಜ್ ಕೊಟ್ಟು ಹೊಸದು ತರುವುದು. ಅಗ್ನಿಯಲ್ಲೂ ಕಳವಿನಲ್ಲೂ ವಿಮೆಯ ಹಣ ಬಂದರೆ ಅದೇ ಮಾರಾಟದ ಬೆಲೆ ಎಂದು ತಿಳಿಯಬೇಕು. ವಿಸ್ಮೃತಿಯನ್ನು ಮುಂದೆ ನೋಡೋಣ.

ಸರ್ಕಾರಿ ಆಸ್ತಿಯ ಮರಣ ಹೀಗೆ ಸರಳವಲ್ಲ. ಯಾವುದೇ ತಾಲ್ಲೂಕು ಕಚೇರಿಯ ಹಿತ್ತಿಲಿಗೆ ಹೋಗಿ ನೋಡಿ. ಹುಣಸೆ ಮರದ ಕೆಳಗೆ ಒಂದು ಜೀಪು ನಿಂತಿರುತ್ತದೆ. ನಾಲ್ಕೂ ಚಕ್ರದ ಗಾಳಿ ಹೋಗಿ ರಿಮ್ಮು ಮಣ್ಣಿಗೆ ಇಳಿದಿದೆ, ಬಾನೆಟ್ಟಿನ ಸಂದಿಯಲ್ಲಿ ಲಂಟಾನ ಚಿಗುರಿದೆ, ಸ್ಟೆಪ್ನಿ ಇದ್ದ ಜಾಗದಲ್ಲಿ ಬೋಲ್ಟು ಮಾತ್ರ ಇದೆ. ಬಾಗಿಲ ಮೇಲೆ 'ಕರ್ನಾಟಕ ಸರ್ಕಾರ' ಎಂಬ ಅಕ್ಷರಗಳಲ್ಲಿ 'ಸರ್ಕಾರ' ಅಳಿಸಿಹೋಗಿ 'ಕರ್ನಾಟಕ' ಉಳಿದಿದೆ. ಈ ಜೀಪು ಕಣ್ಣಿಗೆ ಸತ್ತಿದೆ, ಕಡತದಲ್ಲಿ ಸತ್ತಿಲ್ಲ. ಕಂಡಮ್ ಆಗಲು ತಾಂತ್ರಿಕ ವರದಿ ಬೇಕು, ಕನಿಷ್ಠ ಬೆಲೆ ನಿಗದಿಯಾಗಬೇಕು, ಮಂಜೂರಾತಿ ಬರಬೇಕು, ಆಮೇಲೆ ಹರಾಜು. ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಬ್ಯಾಟರಿ ಹೋಗುತ್ತದೆ, ರೇಡಿಯೇಟರ್ ಹೋಗುತ್ತದೆ, ಕನಿಷ್ಠ ಬೆಲೆಗೆ ಕೊಳ್ಳುವವರು ಸಿಗುವುದಿಲ್ಲ, ಕಡತ ವಾಪಸ್ ಬರುತ್ತದೆ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸಾಯಲು ಯೋಗ್ಯವಾದದ್ದನ್ನು ಮೂರು ವರ್ಗ ಮಾಡಿವೆ: ಹೆಚ್ಚುವರಿ, ಹಳತಾದದ್ದು, ನಿರುಪಯುಕ್ತ. ಅಂದಾಜು ಉಳಿಕೆ ಬೆಲೆ 2 ಲಕ್ಷ ರೂಪಾಯಿ ಮೀರಿದರೆ ಜಾಹೀರಾತಿನ ಟೆಂಡರ್ ಅಥವಾ ಬಹಿರಂಗ ಹರಾಜು. ಸ್ಥಿರ ಆಸ್ತಿಯನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಎಣಿಸಬೇಕು ಎಂಬ ನಿಯಮವೂ ಅಲ್ಲೇ ಇದೆ. ಹುಣಸೆ ಮರದಡಿಯ ಜೀಪಿಗೆ ಕೊನೆಗೂ ಗತಿ ಕಾಣಿಸಿದ್ದು 2023ರ ಏಪ್ರಿಲ್ 1. ಅಂದಿನಿಂದ 15 ವರ್ಷ ಮೀರಿದ ಕೇಂದ್ರ, ರಾಜ್ಯ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ರಕ್ಷಣೆ, ಕಾನೂನು ಸುವ್ಯವಸ್ಥೆಯ ಕೆಲವು ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಕಮಿಟಿ ಕೊಡದ ಮರಣವನ್ನು ಕ್ಯಾಲೆಂಡರ್ ಕೊಟ್ಟಿತು.

6. ಕೋಟಿ ಚತುಷ್ಟಯ

ಪುಸ್ತಕಕ್ಕೂ ನೆಲಕ್ಕೂ ಇರುವ ಸಂಬಂಧ ನಾಲ್ಕೇ ಬಗೆ. ಪುಸ್ತಕದಲ್ಲೂ ಉಂಟು, ನೆಲದಲ್ಲೂ ಉಂಟು: ಇದು ಸಾತ್ವಿಕ ಆಸ್ತಿ, ಇದರ ಬಗ್ಗೆ ಹೇಳಲು ಏನೂ ಇಲ್ಲ. ಪುಸ್ತಕದಲ್ಲಿ ಉಂಟು, ನೆಲದಲ್ಲಿ ಇಲ್ಲ: ಇದು ಪ್ರೇತಾಸ್ತಿ. ವಿಸ್ಮೃತಿಯಿಂದ ಸತ್ತವುಗಳು ಇಲ್ಲಿಗೆ ಬಂದು, ದೇಹವಿಲ್ಲದೆ ವರ್ಷ ವರ್ಷವೂ ಸವಕಳಿ ಎಂಬ ಪಿಂಡ ತಿನ್ನುತ್ತಿರುತ್ತವೆ. ನೆಲದಲ್ಲಿ ಉಂಟು, ಪುಸ್ತಕದಲ್ಲಿ ಇಲ್ಲ: ಜೀವನ್ಮುಕ್ತ ಆಸ್ತಿ. ಎಂದೋ ರೈಟ್ ಆಫ್ ಆಗಿ ಇಂದಿಗೂ ತಿರುಗುವ ಫ್ಯಾನು, ದಾನಿಗಳು ಕೊಟ್ಟಾಗ ಫೋಟೋ ತೆಗೆದು, ರಿಜಿಸ್ಟರಿಗೆ ಏರಿಸುವುದನ್ನು ಮರೆತ ಬೀರು. ಎರಡರಲ್ಲೂ ಇಲ್ಲ: ಇದು ಶೂನ್ಯ, ಆದರೆ ಬಿಲ್ಲು ಪಾಸಾಗಿದ್ದರೆ ಇದಕ್ಕೂ ಒಂದು ಇತಿಹಾಸ ಇರುತ್ತದೆ. 2020ರ ಆಡಿಟರ್ ವರದಿ ಆದೇಶದಂತೆ, ಕಂಪನಿ ತನ್ನ ಆಸ್ತಿಗಳನ್ನು ಕಾಲಕಾಲಕ್ಕೆ ಎಣಿಸಿದೆಯೇ, ವ್ಯತ್ಯಾಸ ಕಂಡಿದೆಯೇ ಎಂದು ಆಡಿಟರ್ ಬರೆಯಬೇಕು. ಅಂದರೆ ಪ್ರೇತಬಾಧೆ ಇದೆಯೇ ಇಲ್ಲವೇ ಎಂದು ಪ್ರಮಾಣಪತ್ರ.

7. ಅನುಕ್ತ ಪ್ರಕರಣ

ಇಷ್ಟು ವಿಂಗಡಿಸಿದ ಮೇಲೂ ಒಂದು ವಸ್ತು ಯಾವ ವರ್ಗಕ್ಕೂ ಸೇರದೆ ಹೊರಗೆ ಉಳಿದಿದೆ: ಮಾಡದೆ ಬಿಟ್ಟ ರಿಪೇರಿ. ಮಾಡಿದ ರಿಪೇರಿಗೆ ವೋಚರ್ ಇದೆ. ಸವಕಳಿಗೆ ದರ ಇದೆ. ವಿಲೇವಾರಿಗೆ ಕಡತ ಇದೆ. ಮುಂದೂಡಿದ ರಿಪೇರಿಗೆ ಖಾತೆಯೇ ಇಲ್ಲ. ವರ್ಷ ವರ್ಷ ಮುಂದೂಡಿದಷ್ಟೂ ಖರ್ಚು ಕಡಿಮೆ, ಲೆಕ್ಕ ಚಂದ.

ಸರ್ಕಾರಗಳಲ್ಲಿ ಇದು ಇನ್ನೂ ಆಳ. ಕೇಂದ್ರವೂ ರಾಜ್ಯಗಳೂ ಇಂದಿಗೂ ನಗದು ಆಧಾರದ ಮೇಲೆ ಲೆಕ್ಕ ಇಡುತ್ತವೆ. ಹಣ ಹೋದಾಗ ಬರೆ, ಬಂದಾಗ ಬರೆ. ಅಲ್ಲಿ ಸವಕಳಿ ಎಂಬುದೇ ಇಲ್ಲ. ಸೇತುವೆ ಕಟ್ಟಿದ ಹಣ ಬಂಡವಾಳ ವೆಚ್ಚವಾಗಿ ಕಟ್ಟಿದ ದಿನದ ಬೆಲೆಗೇ ಕೂತಿರುತ್ತದೆ, ಕಂಬಿ ಹೊರಗೆ ಕಂಡರೂ ಅಂಕಿ ಕದಲುವುದಿಲ್ಲ. ಈ ಪದ್ಧತಿ ಬದಲಿಸುವ ದಾರಿ ಹುಡುಕಲೆಂದು ಸಿಎಜಿ ಸ್ಥಾಪಿಸಿದ ಸರ್ಕಾರಿ ಲೆಕ್ಕ ಮಾನದಂಡಗಳ ಸಲಹಾ ಮಂಡಳಿಗೆ 2002ರಿಂದ ವಯಸ್ಸಾಗುತ್ತಿದೆ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ಮುಚ್ಚಲು ವಾರ ಹಿಡಿಯಿತು. ಅಣೆಕಟ್ಟೆ 1950ರ ದಶಕದ್ದು, ಗಟ್ಟಿಯಾಗಿಯೇ ನಿಂತಿತ್ತು. ಹೋದದ್ದು ಒಂದು ಅಂಗದ ಒಂದು ಚೈನು. ಇಡಿಯ ವಯಸ್ಸಿಗೂ ಅಂಗದ ಆರೋಗ್ಯಕ್ಕೂ ಸಂಬಂಧವಿಲ್ಲ ಎಂಬ ವಿಶಿಷ್ಟಾದ್ವೈತವನ್ನು ಆ ರಾತ್ರಿ ಮೂರು ರಾಜ್ಯಗಳ ರೈತರು ಕಲಿತರು.

ಸಿದ್ಧಾಂತ: ಸವಕಳಿಯ ಅಂಕಣ ವಸ್ತುವಿನ ವಯಸ್ಸು ಹೇಳುತ್ತದೆ, ಸ್ಥಿತಿ ಹೇಳುವುದಿಲ್ಲ. ವಯಸ್ಸನ್ನು ಕಾಯ್ದೆ ನೋಡಿಕೊಳ್ಳುತ್ತದೆ. ಸ್ಥಿತಿಯನ್ನು ಯಾರಾದರೂ ಹೋಗಿ ನೋಡಬೇಕು.

ಫಲಶ್ರುತಿಯ ಬದಲು ಒಂದು ವಿನಂತಿ. ಓದುಗರಲ್ಲಿ ಬಹುಪಾಲು ಜನ ಯಾವುದಾದರೂ ಸಹಕಾರ ಸಂಘದ, ದೇವಸ್ಥಾನ ಟ್ರಸ್ಟಿನ, ಶಾಲಾ ಸಮಿತಿಯ, ಅಪಾರ್ಟ್‌ಮೆಂಟ್ ಸಂಘದ ಸದಸ್ಯರು. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಕೈಗೆ ಬಂದಾಗ ಕಾಫಿ ತಿಂಡಿಗೆ ಮುಂಚೆ ಎರಡು ಪ್ರಶ್ನೆ ಕೇಳಿ: ಈ ಪಟ್ಟಿಯಲ್ಲಿರುವ ವಸ್ತುಗಳನ್ನು ಈ ವರ್ಷ ಯಾರು ಕಣ್ಣಾರೆ ಎಣಿಸಿದರು? ಆಗಬೇಕಾಗಿದ್ದೂ ಆಗದ ರಿಪೇರಿಗಳ ಪಟ್ಟಿ ಎಲ್ಲಿದೆ? ಎರಡನೇ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದನ್ನು ನಡಾವಳಿಯಲ್ಲಿ ಬರೆಸಿ, ಮುಂದಿನ ವರ್ಷದ ಬಜೆಟ್‌ನಲ್ಲಿ ಆ ಪಟ್ಟಿಗೆ ಒಂದು ಮೊತ್ತ ಇಡಿಸಿ.